ದಾರ ಕಚ್ಚುವ ಹಲ್ಲು

ನನ್ನ ಮುಂದಿನ ಹಲ್ಲಿನ ಚೂರು ಉದುರಿದ್ದು ಒಬ್ಬ ಮದುಮಗಳ ರವಿಕೆಯ ಮೇಲೆ. ಬರ್ ದುಬೈಯ ಬಟ್ಟೆ ಅಂಗಡಿಗಳ ಗಲ್ಲಿಯಲ್ಲಿ ನಾನು ಕೆಲಸ ಮಾಡುವ ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ಕುಳಿತು ಕೆಂಪು ರೇಷ್ಮೆ ರವಿಕೆಯ ತೋಳಿಗೆ ಬಿಳಿ ಮಣಿ ಹೊಲಿಯುತ್ತಿದ್ದೆ. ಗಂಟು ಹಾಕಿ, ದಾರವನ್ನು ಬಾಯಿಗೆ ಕೊಂಡುಹೋಗಿ, ಮೂವತ್ತು ವರ್ಷಗಳಿಂದ ಕಚ್ಚಿದ ಹಾಗೆಯೇ ಕಚ್ಚಿದೆ. ಕಟ್ ಎಂದಿತು. ನೋಡಿದರೆ ದಾರ ತುಂಡಾಗಿರಲಿಲ್ಲ. ರವಿಕೆಯ ಮೇಲೆ ಒಂದು ಬಿಳಿ ಮಣಿ ಬಿದ್ದಿತ್ತು. ಅದನ್ನು ಎತ್ತಿ ಸೂಜಿಗೆ ಪೋಣಿಸಲು ಹೋದರೆ ತೂತೇ ಇಲ್ಲ. ತೂತಿಲ್ಲದ ಮಣಿ ಮಾರಿದವನಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಅಷ್ಟರಲ್ಲಿ ನಾಲಿಗೆ ತನ್ನಷ್ಟಕ್ಕೆ ಮುಂದಿನ ಹಲ್ಲಿಗೆ ತಾಗಿ ಅಲ್ಲೊಂದು ಖಾಲಿ ಜಾಗ ಕಂಡುಹಿಡಿಯಿತು.

ಪಾಪ, ಆ ಮಣಿ ಮಾರಿದವನ ತಪ್ಪೇನೂ ಇರಲಿಲ್ಲ. ಹಲ್ಲಿನ ಚೂರನ್ನು ಒಂದು ಕಾಗದದಲ್ಲಿ ಸುತ್ತಿ ಹುಕ್ಕಿನ ಡಬ್ಬಿಗೆ ಹಾಕಿ, ಬಾಯಿ ಮುಚ್ಚಿಕೊಂಡು ರವಿಕೆ ಮುಗಿಸಿದೆ.

ಆಗ ನನ್ನ ಹೊಟ್ಟೆಯ ಆಪರೇಷನ್ ಆಗಿ ಹತ್ತು ತಿಂಗಳಾಗಿತ್ತು. ತೂಕ ಇಳಿಸುವುದಕ್ಕೆಂದು ಹೊಟ್ಟೆಯ ಚೀಲದ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಕಾಯಿಯಷ್ಟು ಸಪೂರಕ್ಕೆ ಹೊಲಿಯುವ ಆಪರೇಷನ್ ಅದು. ಅಳತೆ ಹಿಡಿದು, ಹೆಚ್ಚಾದದ್ದನ್ನು ಕತ್ತರಿಸಿ, ಅಂಚು ಬಿಡದೆ ಹೊಲಿಯುವುದು ನನಗೆ ಹೊಸ ಸಂಗತಿಯಲ್ಲ. ಅಬುಧಾಬಿಯ ಸರ್ಜನ್ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಲಿಗೆ ಒಂಟಿಯೋ, ಜೋಡಿಯೋ? ಅವರು ನಗಲಿಲ್ಲ. ನನ್ನ ಗಂಡ ಮಾತ್ರ ದುಬೈಗೆ ವಾಪಸು ಬರುವ ದಾರಿಯುದ್ದಕ್ಕೂ ನಕ್ಕರು.

ಆಪರೇಷನ್ ಮಾಡಿಸಿಕೊಂಡದ್ದು ಚಂದ ಕಾಣುವುದಕ್ಕಲ್ಲ. ಕುಳಿತಲ್ಲೇ ಕುಳಿತು ಮೈ ಬೆಳೆದಿತ್ತು, ಸಕ್ಕರೆ ಕಾಯಿಲೆ ಬಂದಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ನೆಲಕ್ಕೆ ಬಿದ್ದ ಗುಂಡುಸೂಜಿಯನ್ನು ಬಗ್ಗಿ ಹೆಕ್ಕಲಾಗದೆ, ದಾರಕ್ಕೆ ಅಯಸ್ಕಾಂತ ಕಟ್ಟಿ ಬಾವಿಗೆ ಕೊಡಪಾನ ಇಳಿಸಿದ ಹಾಗೆ ಇಳಿಸುತ್ತಿದ್ದೆ. ಒಂದು ದಿನ ಆ ದಾರವೂ ಕೈಜಾರಿ ಬಿತ್ತು. ನಾನು ಸುಮ್ಮನೆ ಅದನ್ನೇ ನೋಡುತ್ತ ಕುಳಿತೆ. ಮಾರನೆಯ ದಿನ ಇವರ ಹತ್ತಿರ, ಹೋಗುವಾ, ಡಾಕ್ಟರನ್ನು ಕಾಣುವಾ ಎಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ತಕ್ಕಡಿಯನ್ನು ನಂಬುವವಳಲ್ಲ, ಕುತ್ತಿಗೆಯಲ್ಲಿ ನೇತಾಡುವ ಟೇಪನ್ನು ನಂಬುತ್ತೇನೆ. ಪ್ರತಿ ಶನಿವಾರ ಅಂಗಡಿಯ ಟ್ರಯಲ್ ಕೋಣೆಯಲ್ಲಿ ನನ್ನ ಅಳತೆಯನ್ನು ನಾನೇ ತೆಗೆದುಕೊಳ್ಳುತ್ತಿದ್ದೆ. ಸೊಂಟ ಐವತ್ತೆರಡು ಇಂಚಿನಿಂದ ನಲವತ್ತಕ್ಕೆ ಬಂತು. ನನ್ನ ಹಳೆಯ ಚೂಡಿದಾರಗಳನ್ನು ಬಿಚ್ಚಿ, ಒಳಕ್ಕೆ ಹಿಡಿದು, ಮತ್ತೆ ಹೊಲಿದುಕೊಂಡೆ. ಸಕ್ಕರೆ ಇಳಿಯಿತು. ಗುಂಡುಸೂಜಿ ಬಿದ್ದರೆ ಬಗ್ಗಿ ಹೆಕ್ಕುತ್ತಿದ್ದೆ, ಬೀಳದಿದ್ದರೆ ಬೇಕೆಂದೇ ಬೀಳಿಸುತ್ತಿದ್ದೆ.

ಸರ್ಜನ್ ಕೆಲವು ಕಟ್ಟಳೆಗಳನ್ನು ಹಾಕಿದ್ದರು. ಊಟ ಅಂಗೈಯಷ್ಟು. ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು, ಯಾಕೆಂದರೆ ಇನ್ನು ಮುಂದೆ ಅರೆಯುವ ಕೆಲಸವೆಲ್ಲ ಹಲ್ಲಿನದ್ದು. ಸರಿಯಾಗಿ ಅಗಿಯದ್ದು ಗಂಟಲ ಕೆಳಗೆ ಸಿಕ್ಕಿಕೊಂಡು ವಾಪಸು ಬರುತ್ತದೆ. ಬಿಸ್ಕಿಟು, ಐಸ್‌ಕ್ರೀಮು, ಗಂಜಿಯಂಥ ಮೆತ್ತಗಿನವು ಮಾತ್ರ ಸಲೀಸಾಗಿ ಜಾರಿ ಇಳಿಯುತ್ತವೆ, ಅವುಗಳನ್ನು ನೆಚ್ಚಿಕೊಂಡರೆ ಇಳಿದ ತೂಕ ಮತ್ತೆ ಏರುತ್ತದೆ. ಇನ್ನೊಂದು ಕಟ್ಟಳೆ ನೀರಿನದ್ದು. ಊಟದ ಜೊತೆ ಕುಡಿಯಬಾರದು, ಒಮ್ಮೆಲೇ ಗಟಗಟ ಕುಡಿಯಬಾರದು, ದಿನವಿಡೀ ಗುಟುಕು ಗುಟುಕಾಗಿ ಹೀರುತ್ತಿರಬೇಕು.

ಆಪರೇಷನ್ ಆದ ಮೇಲೆ ನನಗೆ ಬರಿಯ ನೀರು ಸೇರಲಿಲ್ಲ. ಬಾಟಲಿಯ ನೀರು ಬಾಯಿಗಿಟ್ಟರೆ ಸೂಜಿ ನೆಕ್ಕಿದ ಹಾಗೆ ಕಬ್ಬಿಣದ ರುಚಿ, ಕೂಡಲೇ ಹೊಟ್ಟೆ ತೊಳಸುತ್ತಿತ್ತು. ಆಗ ನೆನಪಿಗೆ ಬಂದದ್ದು ಪುನರ್ಪುಳಿ. ಬೇರೆ ಕಡೆಯವರು ಮುರುಗಲು, ಕೋಕಮ್ ಎನ್ನುವ ಆ ಹುಳಿ ಹಣ್ಣಿನ ಸಿಪ್ಪೆಯನ್ನು ನಮ್ಮಲ್ಲಿ ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬಿಡುತ್ತಾರೆ. ನಾಲ್ಕು ಸಿಪ್ಪೆ ನೀರಿಗೆ ಹಾಕಿದರೆ ನೀರು ದಾಸವಾಳದ ಬಣ್ಣಕ್ಕೆ ಬರುತ್ತದೆ. ಸೆಕೆಗೆ ಅದೇ, ಪಿತ್ತಕ್ಕೆ ಅದೇ, ಹೊಟ್ಟೆ ಉರಿಗೂ ಅದೇ. ಊರಲ್ಲಿರುವ ಅಕ್ಕ, ಯಾರು ದುಬೈಗೆ ಹೊರಟರೂ ಅವರ ಪೆಟ್ಟಿಗೆಯಲ್ಲಿ ಒಂದು ಕಟ್ಟು ತುರುಕಿ ಕಳಿಸತೊಡಗಿದಳು. ಸಕ್ಕರೆ ಹಾಕದೆ, ಚಿಟಿಕೆ ಉಪ್ಪು ಹಾಕಿ, ಲೀಟರಿನ ಬಾಟಲಿ ತುಂಬಿ ಮಿಷಿನಿನ ಪಕ್ಕ ಇಟ್ಟುಕೊಂಡೆ. ಒಂದು ಹೊಲಿಗೆ, ಒಂದು ಗುಟುಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಹೀಗೆ. ಸರ್ಜನ್ ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ರೋಗಿ ಬೇರೆ ಸಿಕ್ಕಲಿಕ್ಕಿಲ್ಲ ಎಂದು ನನಗೆ ನಾನೇ ಹೆಮ್ಮೆಪಟ್ಟುಕೊಂಡೆ.

ಮೊದಲ ಕೆಲವು ತಿಂಗಳು ವಾಂತಿಯೂ ಆಗುತ್ತಿತ್ತು. ನಾನು ಎಲ್ಲದರಲ್ಲೂ ಅವಸರದವಳು, ಮೂವತ್ತು ಸಲ ಅಗಿಯುವಲ್ಲಿ ಹನ್ನೆರಡಕ್ಕೇ ನುಂಗಿಬಿಡುತ್ತಿದ್ದೆ. ನುಂಗಿದ್ದು ಹಾಗೆಯೇ ವಾಪಸು ಬರುತ್ತಿತ್ತು. ಕೈಚೀಲದಲ್ಲಿ ಸದಾ ಬ್ರಷ್ಷು, ಪೇಸ್ಟು. ವಾಂತಿಯಾದ ಮರುಕ್ಷಣವೇ ಪಾತ್ರೆ ತಿಕ್ಕುವ ಹಾಗೆ ಹಲ್ಲು ತಿಕ್ಕುತ್ತಿದ್ದೆ. ಮದುಮಗಳ ಕುತ್ತಿಗೆಯ ಅಳತೆ ತೆಗೆಯುವಾಗ ಅವಳ ಮುಖಕ್ಕೂ ನನ್ನ ಮುಖಕ್ಕೂ ಒಂದು ಗೇಣು ದೂರ. ನನ್ನ ಬಾಯಿ ವಾಸನೆ ಬಂದರೆ ಅವಳು ಇನ್ನೊಂದು ಅಂಗಡಿಗೆ ಹೋಗುವುದಿಲ್ಲವೇ? ಡಾಕ್ಟರು ಕೊಟ್ಟ ಅಗಿಯುವ ಕ್ಯಾಲ್ಸಿಯಂ ಗುಳಿಗೆಯನ್ನು ಮಾತ್ರ ನಾನು ತಿನ್ನುತ್ತಿರಲಿಲ್ಲ. ಅದರ ರುಚಿ ಅಪ್ಪಟ ಟೈಲರ್ ಚಾಕಿನದ್ದು. ಆ ಚಾಕನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ಬಾಳಿದವಳಿಗೆ ಬೇರೆಯವರು ಹೇಳಿಕೊಡಬೇಕೇ?

ಹಲ್ಲು ಸೂಚನೆ ಕೊಡದೆ ಇರಲಿಲ್ಲ. ಏಸಿ ಗಾಳಿಗೆ ಬಾಯಿ ತೆರೆದರೆ ಜುಂ ಎನ್ನುತ್ತಿತ್ತು. ಕನ್ನಡಿಯಲ್ಲಿ ಮುಂದಿನ ಹಲ್ಲುಗಳ ತುದಿ ನಾವು ಕಟಿಂಗಿಗೆ ಬಳಸುವ ಬಟರ್ ಪೇಪರಿನಂತೆ ತೆಳ್ಳಗೆ ಕಾಣುತ್ತಿತ್ತು. ತೂಕ ಇಳಿದವರಿಗೆ ಎಲ್ಲವೂ ತೆಳ್ಳಗಾಗುತ್ತದೆ ಎಂದು ನನ್ನ ಸಮಾಧಾನ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಚೂರು ಉದುರಿದ ಮಾರನೆಯ ದಿನ ಎರಡು ಗಲ್ಲಿ ಆಚೆಯ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಸಿರಿಯಾದವರು, ಮಾಸ್ಕಿನ ಮೇಲೆ ಎರಡು ದೊಡ್ಡ ಕಣ್ಣು ಮಾತ್ರ ಕಾಣುತ್ತಿದ್ದವು. ನಮ್ಮಿಬ್ಬರ ನಡುವೆ ನಡೆದದ್ದು ಮುರುಕು ಇಂಗ್ಲಿಷು ಮತ್ತು ಕೈಸನ್ನೆ. ಆಪರೇಷನ್ನಿನ ಕತೆ ಕೇಳಿ, ಕನ್ನಡಿ ಹಾಕಿ ಒಂದೊಂದೇ ಹಲ್ಲನ್ನು ನೋಡಿದರು. ಮುರಿದದ್ದು ಒಂದಾದರೂ ಎಲ್ಲ ಹಲ್ಲುಗಳ ಮೇಲಿನ ಗಟ್ಟಿ ಪದರ ಕರಗುತ್ತಿದೆ ಎಂದರು. ಆಮೇಲೆ ವಿಚಾರಣೆ ಶುರುವಾಯಿತು.

“ಪೆಪ್ಸಿ?”

“ನೋ ಡಾಕ್ಟರ್.”

“ಲೆಮನ್? ಆರೆಂಜ್ ಜ್ಯೂಸ್?”

“ನೋ, ನೋ. ಓನ್ಲಿ ವಾಟರ್.”

ಸುಳ್ಳು ಹೇಳಿದೆನೆಂದು ತಿಳಿಯಬೇಡಿ. ಬೈಬಲ್ಲು, ಭಗವದ್ಗೀತೆ, ಕುರಾನು ಯಾವುದರ ಮೇಲೆ ಬೇಕಾದರೂ ಕೈಯಿಟ್ಟು ಹಾಗೆಯೇ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಪುನರ್ಪುಳಿ ನೀರನ್ನು ಯಾರೂ ಜ್ಯೂಸೆಂದು ಕರೆದವರಲ್ಲ. ಸಕ್ಕರೆ ಹಾಕಿ, ಗ್ಲಾಸಿಗೆ ಬಗ್ಗಿಸಿ, ನೆಂಟರಿಗೆ ಕೊಟ್ಟರೆ ಅದು ಶರಬತ್ತು. ಸಕ್ಕರೆ ಹಾಕದೆ ಬಾಟಲಿಯಲ್ಲಿ ತುಂಬಿಕೊಂಡದ್ದು ನೀರು. ಜೀರಿಗೆ ಹಾಕಿ ಕುದಿಸಿದ ನೀರು ನೀರಲ್ಲದೆ ಮತ್ತೇನು? ಇದೂ ಹಾಗೆಯೇ.

ಹಾಗಾದರೆ ಹೊಟ್ಟೆಯ ಆಮ್ಲ ಮೇಲೆ ಬರುತ್ತಿರಬೇಕು ಎಂದು ಡಾಕ್ಟರಮ್ಮ ಸರ್ಜನ್‌ಗೆ ಚೀಟಿ ಬರೆದರು, ಸರ್ಜನ್ ಗುಳಿಗೆ ಬರೆದರು. ಮುರಿದ ಹಲ್ಲಿಗೆ ಬಿಳಿ ಫಿಲ್ಲಿಂಗ್ ಕಟ್ಟಿಯಾಯಿತು. ಕೊನೆಗೆ, ದಾರ ಕಚ್ಚುವುದು ಇನ್ನು “ಖಲಾಸ್, ಹಬೀಬ್ತಿ”, ಮುಗಿಯಿತು ಕಣಮ್ಮಾ, ಎಂದು ಬೆರಳು ಆಡಿಸಿದರು.

ಆ ಮಾತು ನನಗೆ ನೋವು ಕೊಟ್ಟಿತು. ನನ್ನ ಮೇಲಿನ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಗೀರು ಇತ್ತು. ವರ್ಷಗಟ್ಟಲೆ ದಾರ ಕಚ್ಚಿ ಸವೆದು ಆದದ್ದು, ದಾರ ಅಲ್ಲಿ ಹೋಗಿ ತಾನಾಗಿ ಕುಳಿತುಕೊಳ್ಳುತ್ತಿತ್ತು. ಉದುರಿದ್ದು ಅದೇ ಮೂಲೆ. ನಮ್ಮೂರು ಕಾಪುವಿನ ಮನೆಯಲ್ಲಿ ಹೊಲಿಗೆ ಮಿಷಿನಿನ ಮುಂದೆ ಬದುಕು ಕಳೆದ ನನ್ನ ಅಮ್ಮನಿಗೂ ಅಂಥದೇ ಗೀರು, ಅದೇ ಹಲ್ಲಿನಲ್ಲಿ ಇತ್ತು. ನನಗೆ ಹೊಲಿಗೆ ಕಲಿಸಿದ್ದು ಅವಳೇ. ಅವಳ ಬೇರೆ ಯಾವ ಗುರುತೂ ನನ್ನ ಮುಖದಲ್ಲಿಲ್ಲ. ಫಿಲ್ಲಿಂಗ್ ಆದ ಹಲ್ಲು ನುಣ್ಣಗೆ, ಚಂದವಾಗಿಯೇ ಇತ್ತು. ನಾಲಿಗೆ ಮಾತ್ರ ದಿನಕ್ಕೆ ನೂರು ಸಲ ಹೋಗಿ ಹುಡುಕುತ್ತಿತ್ತು.

ಎರಡು ತಿಂಗಳಲ್ಲಿ ಆ ಫಿಲ್ಲಿಂಗ್ ಬಿದ್ದುಹೋಯಿತು. ಆಗ ದಾರವನ್ನೂ ಕಚ್ಚಿರಲಿಲ್ಲ, ಬೆಂದ ಮೊಟ್ಟೆ ತಿನ್ನುತ್ತಿದ್ದೆ. ಅದರ ಹಿಂದೆಯೇ ಎರಡೂ ಕಡೆಯ ದವಡೆ ಹಲ್ಲು ನೋಯಲು ಹಿಡಿದವು. ಕೋಳಿ ಅಗಿಯಲಾಗದು, ಕಡಲೆ ಅಗಿಯಲಾಗದು, ಚಪಾತಿ ಕೂಡ ಕಷ್ಟ. “ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ” ಎಂದು ಇವರು ತಮಾಷೆ ಮಾಡಿದರು. ಇವರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುವವರು, ಎಲ್ಲ ಕಷ್ಟಕ್ಕೂ ಒಂದು ಗಾದೆಯ ಸ್ಟಾಕ್ ಇಟ್ಟುಕೊಂಡಿರುತ್ತಾರೆ. ನಾನು ನಗಲಿಲ್ಲ. ಅವತ್ತು ಚಹಾಕ್ಕೆ ಅದ್ದಿದ ಬಿಸ್ಕಿಟೇ ನನ್ನ ಊಟ. ಮಾರನೆಯ ದಿನ ಗಂಜಿ. ಅದರ ಮಾರನೆಯ ದಿನ ಐಸ್‌ಕ್ರೀಮು, ಅದೂ ಹಲ್ಲಿಗೆ ತಾಗದ ಹಾಗೆ ನಾಲಿಗೆಯ ಮೇಲಿಟ್ಟು.

ಮೂರು ಶನಿವಾರ ಟೇಪಿನ ಹತ್ತಿರ ಹೋಗಲಿಲ್ಲ. ನಾಲ್ಕನೆಯ ಶನಿವಾರ ಧೈರ್ಯ ಮಾಡಿ ಸುತ್ತಿದೆ. ನಲವತ್ತಿದ್ದದ್ದು ನಲವತ್ತೆರಡೂವರೆ. ಟ್ರಯಲ್ ಕೋಣೆಯ ಸ್ಟೂಲಿನ ಮೇಲೆ ಕುಳಿತು ಅತ್ತೆ. ಹೊಟ್ಟೆ ಕತ್ತರಿಸಿಕೊಂಡದ್ದು, ಬಾಯಿ ಕಟ್ಟಿಕೊಂಡದ್ದು, ಎಲ್ಲ ಹಲ್ಲಿನಿಂದಾಗಿ ನೀರುಪಾಲಾಗುವುದೇ? ಹಲ್ಲು ಹೋದರೆ ಗಂಜಿ, ಗಂಜಿಯಾದರೆ ಮತ್ತೆ ಮೈ, ಮೈ ಬಂದರೆ ಮತ್ತೆ ಅಯಸ್ಕಾಂತದ ದಾರ.

ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಅಮ್ಮನದ್ದು. ಅಮ್ಮನ ಹಲ್ಲುಗಳು ನಲವತ್ತು ದಾಟಿದ ಮೇಲೆ ಒಂದೊಂದಾಗಿ ಹೋದವು. ಐವತ್ತೆರಡಕ್ಕೆ ಬಾಯಿ ಪೂರ್ತಿ ಬೋಳು. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆಂದು ಅದನ್ನು ಕಪಾಟಿನಲ್ಲೇ ಇಟ್ಟಿದ್ದಳು. ಆಮೇಲೂ ಹೊಲಿಯುತ್ತಿದ್ದಳು, ಅಭ್ಯಾಸಬಲದಿಂದ ದಾರವನ್ನು ಬಾಯಿಗೆ ಕೊಂಡುಹೋಗಿ, ನೆನಪಾಗಿ ನಿಲ್ಲಿಸಿ, ನನ್ನ ಕಡೆ ಚಾಚುತ್ತಿದ್ದಳು. “ನೀನು ಕಚ್ಚು” ಎನ್ನುತ್ತಿದ್ದಳು. ಭಾನುವಾರ ನಮ್ಮಲ್ಲಿ ಕೋರಿ ರೊಟ್ಟಿ ಇರುತ್ತಿತ್ತು. ಅಕ್ಕಿಯ ಗರಿಗರಿ ಒಣ ರೊಟ್ಟಿಯ ಮೇಲೆ ಕೋಳಿ ಸಾರು ಸುರಿದು ತಿನ್ನುವುದು. ಅಮ್ಮನ ಬಟ್ಟಲಿನಲ್ಲಿ ಅದು ಸಾರಿನಲ್ಲಿ ನೆನೆದು ನೆನೆದು ಅಂಬಲಿಯಾಗುತ್ತಿತ್ತು. ಅವಳು ನನ್ನನ್ನು ಹತ್ತಿರ ಕರೆದು, ಒಣ ರೊಟ್ಟಿಯ ಚೂರೊಂದನ್ನು ನನ್ನ ಕೈಗೆ ಕೊಟ್ಟು, “ನನ್ನ ಕಿವಿ ಹತ್ತಿರ ಒಮ್ಮೆ ಕಚ್ಚು, ಕೇಳ್ತೇನೆ” ಎನ್ನುತ್ತಿದ್ದಳು. ನಾನು ಕಟುಂ ಎಂದು ಕಚ್ಚಿದರೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಆಗ ನನಗೂ ನಗು ಬರುತ್ತಿತ್ತು.

ಟ್ರಯಲ್ ಕೋಣೆಯಲ್ಲಿ ಅತ್ತ ಆ ಶನಿವಾರ ನನಗೆ ಐವತ್ತೊಂದು ನಡೆಯುತ್ತಿತ್ತು. ಕಣ್ಣೊರೆಸಿಕೊಂಡು ನೇರವಾಗಿ ಕ್ಲಿನಿಕ್ಕಿಗೆ ಹೋದೆ.

ಅಂದು ಅಲ್ಲಿ ಹೊಸ ಮುಖವೊಂದಿತ್ತು. ಹೊಸದೆಂದರೆ ನನಗೆ ಮಾತ್ರ. ಮೊದಲ ಸಲ ನಾನು ಹೋದಾಗ ಡಾಕ್ಟರಮ್ಮನ ಖಾಯಂ ಸಹಾಯಕಿ ರಜೆಯಲ್ಲಿ ಊರಿಗೆ ಹೋಗಿದ್ದಳಂತೆ. ಮೂವತ್ತರ ಆಸುಪಾಸಿನ ಹೆಂಗಸು, ಕುಂದಾಪುರದ ಕಡೆಯವಳು. ಕಾಯುವ ಕುರ್ಚಿಯಲ್ಲಿ ಕುಳಿತು ನಾನು ಬಾಟಲಿ ತೆಗೆದು ಒಂದು ಗುಟುಕು ಹೀರಿದೆ. ಫೈಲು ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು.

“ಅಕ್ಕಾ, ಅದು ಪುನರ್ಪುಳಿ ಅಲ್ವಾ?”

ಪರದೇಶದಲ್ಲಿ ನಮ್ಮ ಪದಾರ್ಥದ ಗುರುತು ಹಿಡಿದವರು ಸಿಕ್ಕಿದರೆ ಎಷ್ಟು ಸಂತೋಷವಾಗುತ್ತದೆ! “ಹೌದು ಮಾರಾಯ್ತಿ, ಊರಿಂದ ಬಂದದ್ದು. ನಿನಗೆ ಬೇಕಾ? ಮನೆಯಲ್ಲಿ ಇನ್ನೂ ಉಂಟು” ಎಂದೆ.

“ಯಾವಾಗ ಯಾವಾಗ ಕುಡೀತೀರಿ?”

“ಯಾವಾಗ ಎಂತ? ದಿನ ಇಡೀ. ನನಗೆ ನೀರೇ ಇದು.”

ಅವಳು ಬಾಟಲಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಒಳಗೆ ಹೋದಳು. ಐದು ನಿಮಿಷದಲ್ಲಿ ಡಾಕ್ಟರಮ್ಮನೇ ಹೊರಗೆ ಬಂದರು. ಒಂದು ಕೈಯಲ್ಲಿ ನನ್ನ ಬಾಟಲಿ, ಇನ್ನೊಂದರಲ್ಲಿ ಬಣ್ಣ ಬದಲಾದ ಒಂದು ಕಾಗದದ ಪಟ್ಟಿ. ಆ ಪಟ್ಟಿಯನ್ನು ಅದ್ದಿದರೆ ಹುಳಿ ಎಷ್ಟೆಂದು ತಿಳಿಯುತ್ತದಂತೆ. ನಿಂಬೆಹಣ್ಣಿಗಿಂತ ಇದೇನೂ ಕಡಿಮೆಯಿಲ್ಲ ಎಂದರು. ಇಡೀ ದಿನ, ಒಂದು ವರ್ಷದಿಂದ, ಹಲ್ಲುಗಳಿಗೆ ನಾನು ಹುಳಿಸ್ನಾನ ಮಾಡಿಸುತ್ತಿದ್ದೆ.

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. ನಮ್ಮ ಅಜ್ಜಿ ಕುಡಿದದ್ದು, ಮುತ್ತಜ್ಜಿ ಕುಡಿದದ್ದು, ಅವರಿಗೆಲ್ಲ ಆಗದ್ದು ನನಗೆ ಹೇಗೆ ಆಗುತ್ತದೆ ಎಂದು ಕನ್ನಡದಲ್ಲೇ ಜೋರು ಮಾಡಿದೆ. ಡಾಕ್ಟರಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ತಲೆದೂಗುತ್ತ ಪೂರ್ತಿ ಕೇಳಿಸಿಕೊಂಡರು. ಸಹಾಯಕಿ ನನ್ನ ಪಕ್ಕ ಬಂದು ಕುಳಿತಳು.

“ಅಕ್ಕಾ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಊರಲ್ಲಿ ಹಬ್ಬ ಬಂದ್ರೆ ಹಿತ್ತಾಳೆ ದೀಪ ಎಂತದ್ರಲ್ಲಿ ತಿಕ್ತೀರಿ?”

“ಪುನರ್ಪುಳಿ ಸಿಪ್ಪೆಯಲ್ಲಿ” ಎಂದೆ. ಹೇಳಿ ಮುಗಿಸುವಾಗಲೇ ನನ್ನ ದನಿ ಇಳಿದುಹೋಯಿತು. ಸಾರಿಗೆ ಹಾಕಿ ಉಳಿದ ಸಿಪ್ಪೆಯಿಂದ ಅಮ್ಮ ದೀಪ ತಿಕ್ಕುತ್ತಿದ್ದಳು. ಕರ್ರಗಾದ ಹಿತ್ತಾಳೆಯ ಮೇಲಿನ ಪದರ ಕ್ಷಣದಲ್ಲಿ ಹೋಗಿ ಒಳಗಿನದು ಹೊಳೆಯುತ್ತಿತ್ತು.

“ಹಿತ್ತಾಳೆಯನ್ನೇ ಬಿಡದ್ದು ಹಲ್ಲನ್ನು ಬಿಡ್ತದಾ? ಅಜ್ಜಿಯವರು ಊಟದೊಟ್ಟಿಗೆ ಒಂದು ಲೋಟ ಕುಡೀತಿದ್ರು, ಅಷ್ಟೇ. ನಿಮ್ಮ ಹಾಗೆ ಇಡೀ ದಿನ ಚೀಪ್ತಾ ಕೂತಿರ್ಲಿಲ್ಲ.”

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಅಂಥವರ ಪಟ್ಟಿಯಲ್ಲಿ ಈ ಕುಂದಾಪುರದವಳ ಹೆಸರು ಮೊದಲು ಬರೆಯಬೇಕು.

ಕುರ್ಚಿಯ ಮೇಲೆ ಒರಗಿಸಿ, ದೀಪ ಹಚ್ಚಿ, ಡಾಕ್ಟರಮ್ಮ ಮತ್ತೆಲ್ಲ ನೋಡಿದರು. ವಾಂತಿಯಾದ ಕೂಡಲೇ ತಿಕ್ಕುತ್ತಿದ್ದೆನೆಂದು ತಿಳಿದು ಹಣೆ ಹಣೆ ಬಡಿದುಕೊಂಡರು. ಹುಳಿ ತಾಗಿ ಮೆತ್ತಗಾದ ಹಲ್ಲನ್ನು ಬ್ರಷ್ಷು ಇನ್ನಷ್ಟು ಸವೆಸುತ್ತದಂತೆ. ಮೊದಲು ಬರಿಯ ನೀರಲ್ಲಿ ಬಾಯಿ ಮುಕ್ಕಳಿಸಬೇಕು, ಅರ್ಧ ಗಂಟೆಯಾದರೂ ಬಿಟ್ಟು, ಮೆದು ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಬೇಕು. ನಾನು ಒಳ್ಳೆಯದೆಂದು ಮಾಡಿದ ಎರಡೂ ಕೆಲಸಗಳು ಸೇರಿ ನನ್ನ ಹಲ್ಲು ತಿಂದಿದ್ದವು. ಕ್ಯಾಲ್ಸಿಯಂ ಗುಳಿಗೆಯ ವಿಷಯ ನಾನಾಗಿಯೇ ಒಪ್ಪಿಕೊಂಡೆ. ಅಷ್ಟು ಹೊತ್ತಿಗೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಕೊನೆಗೆ, ಕೇಳಬೇಕೆಂದುಕೊಂಡೇ ಬಂದದ್ದನ್ನು ಕೇಳಿದೆ. ನನ್ನ ಹಲ್ಲು ಉಳಿಯುತ್ತದಾ, ಎಲ್ಲ ಹೋಗುತ್ತದಾ? ಸಹಾಯಕಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರಮ್ಮ ಮಾಸ್ಕ್ ಕೆಳಗಿಳಿಸಿದರು. ಮೊದಲ ಸಲ ಅವರ ಪೂರ್ತಿ ಮುಖ ನೋಡಿದೆ, ಗಲ್ಲದಲ್ಲೊಂದು ಗುಳಿ ಇತ್ತು. ಕರಗಿದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು ಎಂದರು. ಬೇರುಗಳು ಗಟ್ಟಿಯಾಗಿವೆ, ಒಸಡೂ ಚೆನ್ನಾಗಿದೆ. ಬಾಟಲಿಯನ್ನು ಬೆರಳಿನಿಂದ ತಟ್ಟಿ, “ದಿಸ್ ಖಲಾಸ್, ಟೀತ್ ಸ್ಟೇ” ಎಂದರು. ಅಷ್ಟು ಚಿಕ್ಕ ಮಾತಿಗೆ ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಗ್ಲೌಸ್ ಮೇಲೆಯೇ.

ಮನೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿ, ಇನ್ನು ಸಿಪ್ಪೆ ಕಳಿಸಬೇಡ ಎಂದೆ. ಅವಳಿಗೆ ಕೋಪ ಬಂತು. “ದುಬೈಗೆ ಹೋದವರಿಗೆ ಊರಿನದ್ದೆಲ್ಲ ವಿಷ ಆಗ್ತದೆ, ಅಲ್ವಾ?” ಎಂದಳು. ದೀಪ ತಿಕ್ಕುವ ಮಾತನ್ನು ಅವಳಿಗೂ ಹೇಳಿದೆ. “ಹಾಗಾದ್ರೆ ನನ್ನ ಹಲ್ಲು ಜುಂ ಅನ್ನೋದೂ ಅದಕ್ಕೇನಾ?” ಎಂದು ಕೇಳಿದಳು. ಮನೆಯಲ್ಲಿದ್ದ ಸಿಪ್ಪೆಯನ್ನೆಲ್ಲ ಇವರು ಮೀನಿನ ಸಾರಿಗೆ ಹಾಕಿ ಮುಗಿಸಿದರು. ಸಾರಿನ ಹುಳಿ ಸಾರಿನಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ, ಎರಡು ತುತ್ತಿನಲ್ಲಿ ನನ್ನ ಪಾಲು ಮುಗಿಯುತ್ತದೆ.

ಬರಿಯ ನೀರಿಗೆ ನಾಲಿಗೆ ಒಗ್ಗಲು ಹದಿನೈದು ದಿನ ಹಿಡಿಯಿತು. ಮೊದಮೊದಲು ಮೂಗು ಮುಚ್ಚಿಕೊಂಡು ಕುಡಿದೆ, ಆಮೇಲೆ ಸೌತೆಕಾಯಿಯ ಒಂದು ಚೂರು ಹಾಕಿಕೊಂಡೆ, ಈಗ ಏನೂ ಬೇಡ. ಟೈಲರ್ ಚಾಕಿನ ಗುಳಿಗೆಯನ್ನು ದಿನಾ ತಿನ್ನುತ್ತೇನೆ. ದವಡೆಯ ಎರಡು ಹಲ್ಲಿಗೆ ಟೋಪಿ, ಅಂದರೆ ಕ್ಯಾಪ್, ಬಿತ್ತು, ಮುಂದಿನ ನಾಲ್ಕನ್ನು ಡಾಕ್ಟರಮ್ಮ ಬಿಳಿ ಫಿಲ್ಲಿಂಗಿನಲ್ಲಿ ತಿದ್ದಿ ಕಟ್ಟಿದರು. ಕಟ್ಟುವಾಗ, ಆ ಒಂದು ಹಲ್ಲಿನಲ್ಲಿ ಸಣ್ಣ ಗೀರು ಬಿಡಲಿಕ್ಕೆ ಆಗ್ತದಾ ಎಂದು ಸಹಾಯಕಿಯ ಮೂಲಕ ಕೇಳಿಸಿದೆ. ಯಾಕೆಂದು ಕೇಳಿದಾಗ ಅಮ್ಮನ ಕತೆ ಹೇಳಿದೆ. ಡಾಕ್ಟರಮ್ಮ, ಗೀರು ಬಿಟ್ಟರೆ ಅಲ್ಲಿಂದಲೇ ಮತ್ತೆ ಒಡೆಯುತ್ತದೆ, ಬೇಡ ಎಂದರು. ತಮ್ಮ ತಾಯಿಯೂ ದಮಾಸ್ಕಸ್ಸಿನಲ್ಲಿ ಹೊಲಿಯುತ್ತಿದ್ದರಂತೆ. ಅವರೂ ಕಚ್ಚುತ್ತಿದ್ದರೇ ಎಂದು ಕೇಳಿದೆ. ಡಾಕ್ಟರಮ್ಮ ನಕ್ಕು, ತಾಯಿಗೂ ಗೀರು ಇದೇ ಜಾಗದಲ್ಲಿತ್ತೆಂದು ತಮ್ಮ ಮುಂದಿನ ಹಲ್ಲು ಮುಟ್ಟಿ ತೋರಿಸಿದರು.

ಈಗ ನನ್ನ ಕುತ್ತಿಗೆಯಲ್ಲಿ ಟೇಪಿನ ಜೊತೆ ಒಂದು ಪುಟ್ಟ ಕತ್ತರಿಯೂ ನೇತಾಡುತ್ತದೆ. ಗಂಟು ಹಾಕಿದ ಮೇಲೆ ಕೈ ಇನ್ನೂ ಬಾಯಿಯವರೆಗೆ ಹೋಗುತ್ತದೆ. ಅರ್ಧದಲ್ಲಿ ನೆನಪಾಗಿ ನಿಲ್ಲುತ್ತದೆ, ಅಮ್ಮನ ಕೈ ನಿಲ್ಲುತ್ತಿದ್ದ ಹಾಗೆಯೇ. ಅವಳಿಗೆ ಕಚ್ಚಲು ಹಲ್ಲಿರಲಿಲ್ಲ. ನನಗೆ ಇದೆ, ಇರಲಿ ಎಂದು ಕಚ್ಚುವುದಿಲ್ಲ. ಶನಿವಾರದ ಟೇಪು ಮತ್ತೆ ನಲವತ್ತಕ್ಕೆ ಬಂದಿದೆ.

ಕಳೆದ ತಿಂಗಳು ನನಗೆ ಐವತ್ತೆರಡು ತುಂಬಿತು. ಬೆಳಿಗ್ಗೆ ಇವರು ದೇವಸ್ಥಾನದ ಗಲ್ಲಿಯಿಂದ ಮಲ್ಲಿಗೆ ತಂದರು, ಮಧ್ಯಾಹ್ನ ತಾವೇ ಕೋಳಿ ಸಾರು ಮಾಡಿ, ಅಂಗಡಿಯಿಂದ ತಂದ ಒಣ ರೊಟ್ಟಿಯ ಪ್ಯಾಕೆಟ್ ಒಡೆದರು. ಇವರ ಬಟ್ಟಲಿನಲ್ಲಿ ಬೆಟ್ಟದಷ್ಟು, ನನ್ನದರಲ್ಲಿ ಅಂಗೈಯಷ್ಟು. ಸಾರು ಸುರಿಯಲು ಬಂದ ಸೌಟನ್ನು ತಡೆದೆ. ಒಣ ರೊಟ್ಟಿಯ ಒಂದು ಚೂರನ್ನು ಕೈಯಲ್ಲೇ ಮುರಿದು, ಮುಂದಿನ ಹಲ್ಲಿಗೆ ತಾಗಿಸದೆ, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ದವಡೆಗೆ ಇಟ್ಟು ಕಚ್ಚಿದೆ. ಕಟುಂ ಎಂದಿತು. ಇನ್ನೊಂದು ಇಟ್ಟೆ. ಕಟುಂ.

“ಎಂತ ಶಬ್ದ ಮಾರಾಯ್ತಿ, ಪಕ್ಕದ ಫ್ಲ್ಯಾಟಿಗೂ ಕೇಳ್ತದೆ” ಎಂದರು ಇವರು.

“ಕೇಳಲಿ” ಎಂದೆ. ಕಣ್ಣು ಮುಚ್ಚಿಕೊಂಡು ಮೂರನೆಯದನ್ನೂ ಕಚ್ಚಿದೆ.